ಕಟಕ್ ಅನ್ನೋ ಸದ್ದಿನ ಬೆನ್ನು ಹತ್ತಿ...

ತುಂಬ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿಯುವಷ್ಟರಲ್ಲಿ ಇನ್ನೊಂದು... ಇವತ್ತು ಬರೆಯೋಕೆ ಕೂತಿರುವುದು ಸಾಫ್ಟ್‌ವೇರಿನ ಬಗ್ಗೆ ಅಲ್ಲ, ಕಬ್ಬಿಣದ ಬಗ್ಗೆ. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ, ಮೊದಲ ದಿನದಿಂದ ಕೋಡ್ ಬರೆಯುತ್ತಾ ಬದುಕುತ್ತಿರುವ ನಮ್ಮ ಕಡೆಯ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಕಾಲೇಜಿನಲ್ಲಿ ಕೊಂಡ ವರ್ನಿಯರ್ ಕ್ಯಾಲಿಪರ್ ಸೂಟ್‌ಕೇಸಿನಲ್ಲಿ ಸುಮ್ಮನೆ ಅಮೆರಿಕದವರೆಗೂ ಬಂದಿತ್ತು. ಅದಕ್ಕೂ ಒಂದು ದಿನ ಕೆಲಸ ಸಿಕ್ಕಿತು ಅನ್ನಿ :)

ಐದನೇ ಚಕ್ರ ಅಂದ ತಕ್ಷಣ ನಿಮಗೆ ಸ್ಟೆಪ್ನಿ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇದು ಉರುಳುವ ಚಕ್ರವೇ ಅಲ್ಲ. ಹಿಂದೆ ಕುದುರೆ ಸಾರೋಟುಗಳ ಮುಂದಿನ ಅಚ್ಚು ಎಡಕ್ಕೆ ಬಲಕ್ಕೆ ತಿರುಗಲಿ ಅಂತ ಅಚ್ಚಿಗೂ ಗಾಡಿಯ ಮೈಗೂ ನಡುವೆ ಒಂದು ಬಳೆಯನ್ನು ಅಡ್ಡಡ್ಡ ಮಲಗಿಸಿ ಇಡುತ್ತಿದ್ದರು. ನೆಲ ಮುಟ್ಟುವ ನಾಲ್ಕು ಚಕ್ರಗಳ ಜೊತೆ ಇದು ಐದನೆಯದು. ಕುದುರೆ ಹೋಯಿತು, ಹೆಸರು ಉಳಿಯಿತು. 1914ರಲ್ಲಿ ಡೆಟ್ರಾಯಿಟ್‌ನ ಆಗಸ್ಟ್ ಫ್ರೂಹಾಫ್ ಅನ್ನುವ ಕಮ್ಮಾರ ಫೋರ್ಡ್ ಕಾರಿನ ಹಿಂದೆ ದೋಣಿ ಸಾಗಿಸಲು ಒಂದು ಎರಡು ಚಕ್ರದ ಟ್ರೇಲರ್ ಮಾಡಿಕೊಟ್ಟ. ಅಲ್ಲಿಂದ ಬೆಳೆದಿದ್ದು ಇವತ್ತಿನ ಕಂಟೇನರ್ ಲಾರಿಗಳ ವಂಶ. ಇನ್ನು ವಿಮಾನ ಕಟ್ಟುತ್ತಿದ್ದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ಏರೋಕಾರ್ ಅಂತ ಎಳೆದುಕೊಂಡು ಹೋಗುವ ಮನೆಯನ್ನೇ ಮಾಡಿದ. ಅವನ ಜೋಡಣೆಯಲ್ಲಿ ನಿಜವಾಗಿಯೂ ಗಾಳಿ ತುಂಬಿದ ಒಂದು ಟೈರು ಅಡ್ಡ ಮಲಗಿತ್ತಂತೆ, ಟ್ರೇಲರಿನ ಗೂಟ ಅದರ ನಡುವೆ ಕೂರುತ್ತಿತ್ತು. ಅಂದರೆ ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ ಬರುವ ಒದೆತವನ್ನು ಎಲ್ಲಿ ನುಂಗಬೇಕು ಅನ್ನುವ ಪ್ರಶ್ನೆ ಆಗಲೇ ಇತ್ತು. ನಾನು ಹೇಳಹೊರಟಿರುವುದೂ ಆ ಒದೆತದ ಕಥೆಯನ್ನೇ.

ಈಗಿನ ಮನೆ-ಟ್ರೇಲರಿನಲ್ಲಿ ವ್ಯವಸ್ಥೆ ಹೀಗಿರುತ್ತದೆ. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ, ಹೆಚ್ಚುಕಡಿಮೆ ಹಿಂದಿನ ಅಚ್ಚಿನ ನೇರಕ್ಕೆ, ಎರಡು ಉಕ್ಕಿನ ಪಟ್ಟಿಗಳನ್ನು ಚಾಸಿಗೆ ಬೋಲ್ಟ್ ಮಾಡಿರುತ್ತಾರೆ. ಅದರ ಮೇಲೆ ಹಿಚ್ಚಿನ ಕಾಲುಗಳು. ಕಾಲುಗಳ ಮೇಲೆ ಮುಂದೆ ಹಿಂದೆ ಓಲಾಡುವ ಒಂದು ತಟ್ಟೆ, ಅದೇ ಐದನೇ ಚಕ್ರ. ತಟ್ಟೆಯ ಹಿಂಬದಿಯಲ್ಲಿ ಒಂದು ಸೀಳು, ಸೀಳಿನ ಕೊನೆಯಲ್ಲಿ ಎರಡು ದವಡೆ. ಟ್ರೇಲರಿನ ಮೂತಿಯಿಂದ ಕೆಳಕ್ಕೆ ಇಳಿಬಿದ್ದಿರುವ ದಪ್ಪ ಪೆಟ್ಟಿಗೆ ಪಿನ್ ಬಾಕ್ಸ್, ಅದರ ತಳದಲ್ಲಿ ಕಿಂಗ್ ಪಿನ್. ಟ್ರಕ್ಕನ್ನು ಹಿಂದಕ್ಕೆ ತಂದರೆ ಪಿನ್ನು ಸೀಳಿನಲ್ಲಿ ಜಾರಿ ಬರುತ್ತದೆ, ದವಡೆ ಅದರ ಕುತ್ತಿಗೆ ಹಿಡಿಯುತ್ತದೆ. ಆ ಕುತ್ತಿಗೆ ಬರೀ 2 ಇಂಚು, ಅಂದರೆ 50.8 ಮಿಲಿಮೀಟರ್ ದಪ್ಪ. ನಮ್ಮ ಓನರಜ್ಜನ ಟ್ರೇಲರ್ ತುಂಬಿದಾಗ 14,000 ಪೌಂಡು ತೂಗುತ್ತದೆ, ಹತ್ತಿರ ಹತ್ತಿರ 6,350 ಕೆ.ಜಿ. ಇಂಥ ಟ್ರೇಲರಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹಿಚ್ಚಿನ ತಟ್ಟೆಯ ಮೇಲೆ ಕೂರುತ್ತದೆ. ಎರಡು ಮಾರುತಿ 800 ಕಾರುಗಳನ್ನು ಒಂದರ ಮೇಲೊಂದು ಪೇರಿಸಿ ಆ ತಟ್ಟೆಯ ಮೇಲೆ ಇಟ್ಟಂತೆ!

ಓನರಜ್ಜ ಅಂದೆನಲ್ಲ, ನಾನಿರುವುದು ಡೆನ್ವರಿನ ಹೊರವಲಯದಲ್ಲಿ ಒಂದು ಮನೆಯ ನೆಲಮಾಳಿಗೆಯ ಬಾಡಿಗೆ ಭಾಗದಲ್ಲಿ. ಮೇಲೆ ಮನೆಯ ಯಜಮಾನರು, ಎಪ್ಪತ್ತು ದಾಟಿದ ಗಂಡ ಹೆಂಡತಿ. ಹೆಸರು ಬೇಡ, ನನ್ನ ಮನಸ್ಸಿನಲ್ಲಿ ಅವರು ಓನರಜ್ಜ ಮತ್ತು ಅಜ್ಜಿ. ಅಜ್ಜಿಗೆ ಶ್ವಾಸಕೋಶದ ತೊಂದರೆ. ಡೆನ್ವರ್ 5,280 ಅಡಿ ಎತ್ತರದ ಊರು, ಸರಿಯಾಗಿ ಒಂದು ಮೈಲಿ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಚಳಿಗಾಲದಲ್ಲಿ ತಗ್ಗಿನ ಊರಿಗೆ ಹೋಗಿ ಅಂತ ಡಾಕ್ಟರು ಹೇಳಿ ಮೂರು ವರ್ಷವಾಯಿತು. ಅದಕ್ಕೇ ಟ್ರೇಲರ್. ಅಕ್ಟೋಬರ್ ಕೊನೆಗೆ ಹೊರಟು ಅರಿಜೋನದ ಯೂಮಾ ಹತ್ತಿರ ಬೀಡುಬಿಟ್ಟರೆ ಮತ್ತೆ ಏಪ್ರಿಲ್‌ಗೆ ವಾಪಸ್. ಯೂಮಾ ಸಮುದ್ರ ಮಟ್ಟಕ್ಕಿಂತ ಇನ್ನೂರು ಅಡಿ ಕೂಡ ಎತ್ತರವಿಲ್ಲ. ಹಾಗಾಗಿ ಈ ಟ್ರೇಲರ್ ಅವರಿಗೆ ಮೋಜಿನ ಗಾಡಿ ಅಲ್ಲ, ಔಷಧಿ.

ಹೋದ ವರ್ಷ ಯೂಮಾದಿಂದ ಬರುವಾಗಲೇ ಸದ್ದು ಶುರುವಾಗಿತ್ತಂತೆ. ಬ್ರೇಕ್ ಒತ್ತಿದಾಗ ಒಂದು ಕಟಕ್, ಬಿಟ್ಟು ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ಕಟಕ್. ಸೀಟಿನ ಬೆನ್ನಿಗೆ ಯಾರೋ ಮೊಣಕಾಲಲ್ಲಿ ತಿವಿದ ಹಾಗೆ. ಕಾಂಕ್ರೀಟ್ ರಸ್ತೆಯ ಸಂದು ದಾಟುವಾಗ ಇದೇ ತಿವಿತ ತಾಳ ಹಾಕಿದ ಹಾಗೆ ಬರುತ್ತದೆ. ಈ ಮುಂದೆ ಹಿಂದೆ ಜಗ್ಗಾಟಕ್ಕೆ ಇಲ್ಲಿನವರು ಚಕಿಂಗ್ ಅಂತಾರೆ. ಬೇಸಿಗೆಯಲ್ಲಿ ಅಜ್ಜ ಒಂದು ವರ್ಕ್‌ಶಾಪಿಗೆ ಒಯ್ದರು. ಯಾವುದು ಅಂತ ಬರೆಯುವುದಿಲ್ಲ. ಅವರು ಎರಡು ನಿಮಿಷ ನೋಡಿ "ದವಡೆ ಸವೆದಿದೆ" ಅಂದರು, ಹಿಚ್ಚಿನ ತಲೆಯನ್ನೇ ಬದಲಿಸಿದರು, ಬಿಲ್ಲು ಕೊಟ್ಟರು. ಎರಡು ವಾರ ಸದ್ದು ಕಡಿಮೆಯಾಯಿತು. ಮೂರನೇ ವಾರ ಮತ್ತೆ ಕಟಕ್. ಇನ್ನೊಂದು ಕಡೆ ಒಯ್ದರೆ ಅವರು ದವಡೆಯ ಅಡ್ಜಸ್ಟ್‌ಮೆಂಟ್ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ ಕಳಿಸಿದರು. ಈ ಬಿಗಿ ಮಾಡುವ ಚಿಕಿತ್ಸೆ ನನಗೆ ಸ್ವಲ್ಪವೂ ಇಷ್ಟವಾಗದ್ದು. ದವಡೆ ಅತಿಯಾಗಿ ಬಿಗಿಯಾದರೆ ಪಿನ್ನು ಪೂರ್ತಿ ಒಳಗೆ ಕೂರುವುದಿಲ್ಲ, ಹಿಡಿ ಪೂರ್ತಿ ಮುಚ್ಚುವುದಿಲ್ಲ. ಅರ್ಧ ಕಚ್ಚಿದ ದವಡೆ ಸವೆದ ದವಡೆಗಿಂತ ಅಪಾಯ.

ಅಕ್ಟೋಬರ್ ಎರಡನೇ ವಾರ, ಅಜ್ಜ ಅಂಗಳದಲ್ಲಿ ಹಿಚ್ಚಿನ ಮುಂದೆ ಕೈಕಟ್ಟಿ ನಿಂತಿದ್ದರು. ನಾನು ಆಫೀಸಿನಿಂದ ಬರುತ್ತಿದ್ದವನು ನಿಂತೆ. "ನೀನು ಎಂಜಿನಿಯರ್ ಅಲ್ಲವೇನಪ್ಪಾ, ಇದೇನು ಅಂತ ಹೇಳು ನೋಡೋಣ" ಅಂದರು. ಸಾಫ್ಟ್‌ವೇರ್ ಎಂಜಿನಿಯರ್ ಅಂದೆ. "ಸದ್ದು ಸಾಫ್ಟಾಗಿಯೇ ಬರುತ್ತೆ" ಅಂದರು :)

ರಾತ್ರಿ ಊರಿಗೆ ಫೋನು ಹಚ್ಚಿದೆ. ನಮ್ಮ ಸೋದರಮಾವ ಹಾಸನದಲ್ಲಿ ಎರಡು ಟ್ರೇಲರ್ ಲಾರಿ ಇಟ್ಟುಕೊಂಡಿದ್ದಾರೆ, ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಕಂಟೇನರ್ ಹೊಡೆಯುವ ಕೆಲಸ. ಅಲ್ಲೂ ಇದೇ ತಟ್ಟೆ, ಇದೇ ಕಿಂಗ್ ಪಿನ್ನು. ನಾನು ಎಲ್ಲ ವಿವರಿಸಿದ ಮೇಲೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಸದ್ದು ಎಲ್ಲಿ ಬರ್ತದೆ ಅಂತ ಕಿವಿ ಕೊಡಬ್ಯಾಡ ಕಣೋ. ಕಬ್ಬಿಣದಲ್ಲಿ ಸದ್ದು ಓಡಾಡ್ತದೆ, ಮುಂದೆ ಆಗಿದ್ದು ಹಿಂದೆ ಕೇಳ್ತದೆ. ಎಲ್ಲಿ ಹೊಳೀತಾ ಅದೆ ನೋಡು, ಎಲ್ಲಿ ಕೆಂಪು ಪುಡಿ ಅದೆ ನೋಡು. ಪಿನ್ನಿನ ಕುತ್ತಿಗೇನ ಮುಂದೆ-ಹಿಂದೆ ಒಂದು ಅಳತೆ ತಗೋ, ಅಡ್ಡಡ್ಡ ಒಂದು ಅಳತೆ ತಗೋ. ಎರಡೂ ಒಂದೇ ಇದ್ರೆ ಪಿನ್ನಿನ ತಂಟೆ ಬಿಟ್ಬಿಡು."

"ಮಾವ, ಹೊಸಾ ತಲೆ ಹಾಕಿದಾಗ ಎರಡು ವಾರ ಸುಮ್ಮನಾಗಿತ್ತಲ್ಲ?"

"ಹೊಸಾ ಚಪ್ಲಿ ಹಾಕ್ಕೊಂಡ್ರೆ ಮಂಡಿ ನೋವೂ ಎರಡು ದಿನ ಕಮ್ಮಿ ಅನ್ಸುತ್ತೆ. ಮಡಗು ಫೋನು, ಲೋಡಿಂಗ್ ಐತೆ."

ಮಾವ ಹೇಳಿದ್ದರಲ್ಲಿ ಒಂದೊಂದೂ ಪುಸ್ತಕದ ಮಾತೇ. ಟ್ರಕ್ಕು ಎಳೆಯುವಾಗ ದವಡೆ ಪಿನ್ನನ್ನು ಹಿಂದಿನಿಂದ ಒತ್ತುತ್ತದೆ. ಬ್ರೇಕ್ ಹಾಕಿದಾಗ ಟ್ರೇಲರ್ ಮುನ್ನುಗ್ಗಿ ಪಿನ್ನಿನ ಮುಂಭಾಗ ತಟ್ಟೆಯ ಕಡೆಗೆ ಒತ್ತುತ್ತದೆ. ಹಾಗಾಗಿ ಪಿನ್ನು ದುಂಡಗೆ ಸವೆಯುವುದಿಲ್ಲ, ಮುಂದೆ ಹಿಂದೆ ಹೆಚ್ಚು ಸವೆದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಎರಡು ಅಳತೆಗಳ ವ್ಯತ್ಯಾಸವೇ ಸವೆತದ ಗುರುತು. ಯುರೋಪಿನ ತಯಾರಕರು 50.8 ಇದ್ದದ್ದು 49 ಮಿಲಿಮೀಟರಿಗೆ ಇಳಿದರೆ ಪಿನ್ನು ಬದಲಿಸಿ ಅನ್ನುತ್ತಾರೆ. ಅಮೆರಿಕದ ಲಾರಿ ವರ್ಕ್‌ಶಾಪುಗಳಲ್ಲಿ ಎಂಟನೇ ಒಂದು ಇಂಚು ಸವೆತವನ್ನು ತೋರಿಸುವ ಉಕ್ಕಿನ ಗೇಜ್ ಇಟ್ಟಿರುತ್ತಾರೆ, ಆ ಸೀಳು ಪಿನ್ನಿನ ಮೇಲೆ ಜಾರಿ ಹೋಯಿತೋ ಪಿನ್ನು ಮುಗಿಯಿತು ಅಂತ. ಸವೆದ ಪಿನ್ನಿನ ಮೇಲೆ ವೆಲ್ಡಿಂಗ್ ತುಂಬಿಸಿ ಮತ್ತೆ ಸಾಣೆ ಹಿಡಿಯುವ ಐಡಿಯಾ ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಅದು ಶಾಖ ಕೊಟ್ಟು ಹದ ಮಾಡಿದ ಉಕ್ಕು, ವೆಲ್ಡಿಂಗ್ ಬಿಸಿಗೆ ಆ ಹದವೇ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಮೊದಲ ಒಂದು ಗಂಟೆ ಬರೀ ಒರೆಸುವುದು. ಹಳೆಯ ಗ್ರೀಸು ಮರಳನ್ನೂ ಧೂಳನ್ನೂ ಹಿಡಿದುಕೊಂಡು ಕಪ್ಪು ಹಲ್ವದ ಹಾಗೆ ಆಗಿತ್ತು. ನಮ್ಮೂರಲ್ಲಿ ಎತ್ತಿನ ಗಾಡಿಗೆ ಕೀಲೆಣ್ಣೆ ಹಚ್ಚುವಾಗ ತಾತ ಹಳೆಯದನ್ನು ಗೋಣಿ ಚೂರಿನಲ್ಲಿ ಪೂರ್ತಿ ಒರೆಸದೆ ಹೊಸದನ್ನು ಮುಟ್ಟಗೊಡುತ್ತಿರಲಿಲ್ಲ. ಮರಳು ಬೆರೆತ ಗ್ರೀಸು ಸಾಣೆಕಲ್ಲಿನ ಕೆಲಸ ಮಾಡುತ್ತದೆ, ಅದರ ಮೇಲೆ ಹೊಸ ಗ್ರೀಸು ಬಳಿದರೆ ಸಾಣೆಗೆ ನೀರು ಹಾಕಿದಂತೆ. ಈ ಹಿಚ್ಚಿನ ತಟ್ಟೆಯ ಮೇಲೆ ಗ್ರೀಸಿನ ಬದಲು ಪ್ಲಾಸ್ಟಿಕ್ ಬಿಲ್ಲೆ ಇತ್ತು. ಒಳ್ಳೆಯ ವಸ್ತುವೇ. ಆದರೆ ಬಿಲ್ಲೆ ತೀರಾ ದಪ್ಪವಾದರೆ ಪಿನ್ನು ಮೇಲೆ ಕೂತು ದವಡೆ ಸರಿಯಾದ ಜಾಗದಲ್ಲಿ ಹಿಡಿಯುವುದಿಲ್ಲ, ಸವೆದು ತೆಳುವಾದರೆ ಮೇಲೆ ಕೆಳಗೆ ಕುಣಿತ. ಬಿಲ್ಲೆ ಇದೆ ಅಂತ ದವಡೆಗೆ ಗ್ರೀಸು ಹಚ್ಚುವುದನ್ನೇ ಬಿಟ್ಟವರೂ ಇದ್ದಾರೆ.

ವರ್ನಿಯರ್ ಹೊರಗೆ ಬಂತು. ಪಿನ್ನಿನ ಕುತ್ತಿಗೆ ಮುಂದೆ-ಹಿಂದೆ 50.5, ಅಡ್ಡಡ್ಡ 50.7. ಎಲ್ಲಿಯೂ ಗೆರೆಯಿಲ್ಲ, ಬಡಗಿಯ ಮೂಲೆಮಟ್ಟ ಇಟ್ಟು ನೋಡಿದರೆ ಪಿನ್ನು ನೆಟ್ಟಗೂ ಇದೆ. ಟ್ರೇಲರ್ ಯಾವಾಗಲಾದರೂ ಹಿಚ್ಚಿನಿಂದ ಕಳಚಿ ತೊಟ್ಟಿಯ ಮೇಲೆ ಬಿದ್ದಿದ್ದರೆ ಪಿನ್ನು ಬಗ್ಗಿರಬಹುದು, ಇಲ್ಲಿ ಹಾಗೇನೂ ಕಾಣಲಿಲ್ಲ. ದವಡೆಯ ಒಳ ಅಂಚಿನಲ್ಲಿ ಹೊಸದರ ಬಣ್ಣ ಹೋಗಿತ್ತು ಅಷ್ಟೆ. ಅಂದರೆ ಎರಡು ವರ್ಕ್‌ಶಾಪುಗಳು ರೋಗಿಯ ಆರೋಗ್ಯವಾಗಿದ್ದ ಅಂಗಕ್ಕೆ ಔಷಧಿ ಕೊಟ್ಟಿದ್ದವು.

ಮುಂದಿನದು ನನಗೆ ತುಂಬ ಖುಷಿ ಕೊಟ್ಟ ಭಾಗ. ಕೋಡಿನಲ್ಲಿ ಬಗ್ ಎಲ್ಲಿದೆ ಗೊತ್ತಾಗದಿದ್ದಾಗ ನಾವು ಸಾಲು ಸಾಲಿಗೂ ಒಂದೊಂದು ಪ್ರಿಂಟ್ ಹಾಕುತ್ತೇವಲ್ಲ, ಅದನ್ನೇ ಕಬ್ಬಿಣಕ್ಕೆ ಮಾಡಿದೆ. ಪ್ರತಿ ಜೋಡಣೆಯ ಮೇಲೂ ಅಡ್ಡಕ್ಕೆ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಸಂದಿನ ಮೇಲೆ ಬ್ಲೇಡಿನಿಂದ ಕೊಯ್ದು, ಎರಡೂ ಕಡೆ ದಾಟುವಂತೆ ಒಂದು ಪೆನ್ನಿನ ಗೆರೆ ಎಳೆದೆ. ತೊಟ್ಟಿಗೂ ಪಟ್ಟಿಗೂ ನಡುವೆ, ಪಟ್ಟಿಗೂ ಹಿಚ್ಚಿನ ಕಾಲಿಗೂ ನಡುವೆ, ಕಾಲಿಗೂ ತಲೆಗೂ, ಪಿನ್ ಬಾಕ್ಸಿಗೂ ಅದನ್ನು ಹಿಡಿದಿರುವ ಟ್ರೇಲರಿನ ರೆಕ್ಕೆಗಳಿಗೂ, ಕೊನೆಗೆ ಪಿನ್ ಬಾಕ್ಸಿನ ಬದಿಗೂ ಟ್ರೇಲರಿನ ಫೈಬರ್ ಮೂತಿಗೂ. ಟ್ರೇಲರಿನ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಟ್ಟೆ ಕೊಟ್ಟು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಿಡಿದು, ಅಜ್ಜ ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಗ್ಗಿದರು. ನಾನು ಬದಿಯಲ್ಲಿ ನಿಂತು ಫೋನಿನ ಸ್ಲೋ ಮೋಷನ್‌ನಲ್ಲಿ ಒಂದೊಂದು ಗೆರೆಯನ್ನೂ ಹಿಡಿದೆ. (ಬದಿಯಲ್ಲಿ! ಟ್ರಕ್ಕಿಗೂ ಟ್ರೇಲರಿಗೂ ನಡುವೆ ಯಾರೂ ಕೈ ತಲೆ ಹಾಕಬಾರದು.)

ಒಳಗೆ ಕೂತು ಕಾಫಿ ಕುಡಿಯುತ್ತಾ ವೀಡಿಯೋ ನೋಡಿದೆವು. ಪಟ್ಟಿಗಳು ಅಲುಗಿಲ್ಲ. ಆದರೆ ಹಿಂದಿನ ಎರಡು ಬೋಲ್ಟುಗಳ ಸುತ್ತ ಕಾವಿ ಬಣ್ಣದ ನುಣ್ಣನೆ ಪುಡಿ ಇತ್ತು. ಮಾವ ಹೇಳಿದ ಕೆಂಪು ಪುಡಿ. ಮಳೆಗೆ ಹಿಡಿಯುವ ತುಕ್ಕಲ್ಲ ಅದು, ಎರಡು ಲೋಹಗಳು ಕಣ್ಣಿಗೆ ಕಾಣದಷ್ಟು ಉಜ್ಜಿಕೊಂಡಾಗ ಉದುರುವ ಪುಡಿ ತುಕ್ಕಾಗಿರುವುದು. ಅವೆರಡನ್ನೂ ಬಿಚ್ಚಿ ಶುಚಿ ಮಾಡಿ ಟಾರ್ಕ್ ರೆಂಚಿನಿಂದ ಬಿಗಿ ಮಾಡಬೇಕು ಅಂತ ಬರೆದುಕೊಂಡೆ. ಪಟ್ಟಿಗೂ ಕಾಲಿಗೂ ನಡುವೆ ಒಂದು ಕೂದಲೆಳೆ ಪ್ಲೇ, ಕಳಚಿ ಹಾಕುವ ಹಿಚ್ಚಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಪಿನ್ನಿಗೂ ದವಡೆಗೂ ನಡುವೆ ಒಂದು ಮಿಲಿಮೀಟರ್. ವ್ಯಾಪಾರದ ಲಾರಿಗಳಲ್ಲಿ ಐದನೇ ಚಕ್ರದ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಅರ್ಧ ಇಂಚು ದಾಟಿ ಜಾರಾಟ ಕಂಡರೆ ತಪಾಸಣೆಯವರು ಗಾಡಿಯನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ನಮ್ಮದು ಅದರ ಹತ್ತಿರಕ್ಕೂ ಇಲ್ಲ. ಅಂದ ಹಾಗೆ ಮನೆ ಎಳೆದುಕೊಂಡು ಹೋಗುವ ಅಜ್ಜಂದಿರನ್ನು ಸಾಮಾನ್ಯವಾಗಿ ಯಾರೂ ಹೀಗೆ ನಿಲ್ಲಿಸಿ ನೋಡುವುದಿಲ್ಲ.

ಕೊನೆಯ ಟೇಪು. ಪಿನ್ ಬಾಕ್ಸಿನ ಬದಿಗೂ ಟ್ರೇಲರಿನ ಮೂತಿಗೂ ನಡುವಿನದ್ದು. ಗೆರೆ ಮುರಿದು ಮೇಲೆ ಕೆಳಗೆ ಆಡುತ್ತಿತ್ತು. ಮುಂದೆ ಹಿಂದೆ ಅಲ್ಲ, ಮೇಲೆ ಕೆಳಗೆ! ಟ್ರಕ್ಕು ಜಗ್ಗಿದಾಗಲೆಲ್ಲ ಪಿನ್ ಬಾಕ್ಸು ಹೌದು ಹೌದು ಅಂತ ತಲೆಯಾಡಿಸುತ್ತಿತ್ತು. ಬಾಕ್ಸಿನ ಬೋಲ್ಟುಗಳ ಮೇಲಿನ ಗೆರೆ ಮಾತ್ರ ನೆಟ್ಟಗೇ ಇತ್ತು. ಬೋಲ್ಟು ಸಡಿಲವಿಲ್ಲದೆ ಬಾಕ್ಸು ತಲೆಯಾಡಿಸಬೇಕಾದರೆ ಅದನ್ನು ಹಿಡಿದಿರುವ ಟ್ರೇಲರಿನ ಎಲುಬೇ ಬಗ್ಗುತ್ತಿರಬೇಕು.

ಅಜ್ಜ ಎರಡನೇ ಸಲ ವೀಡಿಯೋ ನೋಡಿದರು. ಮೂರನೇ ಸಲವೂ ನೋಡಿದರು. ಏನೂ ಮಾತಾಡಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಟಕ್ ಅನ್ನುವುದಕ್ಕೆ ಹಿಚ್ಚೇ ಕಾರಣವಾಗಬೇಕಿಲ್ಲ. ಟ್ರೇಲರಿನ ಎರಡು ಅಚ್ಚುಗಳ ಪಟ್ಟಾ ಸ್ಪ್ರಿಂಗುಗಳನ್ನು ಜೋಡಿಸುವ ಕೊಂಡಿಗಳಲ್ಲಿ ಸಣ್ಣ ನೈಲಾನ್ ಬುಷ್ ಇರುತ್ತವೆ, ಅವು ಬೇಗ ಸವೆದು ಹೋಗಿ ಅಚ್ಚೇ ಮುಂದೆ ಹಿಂದೆ ಜಾರುತ್ತದೆ. ಟ್ರೇಲರಿನ ಬ್ರೇಕು ಟ್ರಕ್ಕಿನದಕ್ಕಿಂತ ತಡವಾಗಿ ಅಥವಾ ಜೋರಾಗಿ ಹಿಡಿದರೂ ಅದೇ ತಿವಿತ. ಟ್ರಕ್ಕಿನದೇ ಪ್ರೊಪೆಲ್ಲರ್ ಶಾಫ್ಟ್ ಜಾರುವ ಜಾಗದಲ್ಲಿ ಒಣಗಿದ್ದರೂ ಕಟಕ್ ಅನ್ನುತ್ತದೆ, ಟ್ರೇಲರ್ ಬಿಚ್ಚಿಟ್ಟು ಓಡಿಸಿದಾಗಲೂ ಸದ್ದು ಬಂದರೆ ಅಲ್ಲಿ ಹುಡುಕಬೇಕು. ಇವೆಲ್ಲವನ್ನೂ ನಾವು ನೋಡಿದೆವು, ಎರಡು ಬುಷ್ ಹೋಗಿದ್ದವು ಕೂಡ. ಎಲ್ಲ ಕೀಲುಗಳ ಪ್ಲೇ ಸೇರಿ ಒಂದು ಮೊತ್ತವಾಗುತ್ತದೆ, ಆರು ಟನ್ನು ಆ ಮೊತ್ತದಷ್ಟು ದೂರ ಓಡಿ ಬಂದು ಗುದ್ದುತ್ತದೆ. ಹೊಸ ತಲೆ ಹಾಕಿದಾಗ ಮೊತ್ತ ಒಂದೆರಡು ಮಿಲಿಮೀಟರ್ ಇಳಿದಿತ್ತು, ಸದ್ದೂ ಇಳಿಯಿತು. ಒಳಗೆ ಬಗ್ಗುತ್ತಿದ್ದುದು ಬಗ್ಗುತ್ತಲೇ ಇತ್ತು.

ಆಮೇಲೆ ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿದೆ: ಟ್ರೇಲರ್ ಒಳಗೆ ಏನಾದರೂ ಬದಲಾಗಿದೆಯಾ? ಅವರು ತಡಮಾಡದೆ ಹೇಳಿದರು, "ಮಲಗುವ ಕೋಣೆಯ ಬಾಗಿಲು. ಟ್ರಕ್ಕಿಗೆ ಕಟ್ಟಿದಾಗ ಸಿಕ್ಕಿಹಾಕಿಕೊಳ್ಳುತ್ತೆ. ನಿಲ್ಲಿಸಿ ಬಿಚ್ಚಿದ ಮೇಲೆ ಸಲೀಸು. ಇವರಿಗೆ ಹೇಳಿದರೆ ಬಾಗಿಲನ್ನು ಕೆತ್ತಿ ಕೊಟ್ಟರು." ಎಂಥ ಮಾಹಿತಿ! ಆರು ತಿಂಗಳಿಂದ ಆ ಮನೆಯೊಳಗೆ ಅದು ಗೊತ್ತಿತ್ತು, ಯಾವ ಮೆಕ್ಯಾನಿಕ್ಕೂ ಅಜ್ಜಿಯನ್ನು ಕೇಳಿರಲಿಲ್ಲ.

ಮಲಗುವ ಕೋಣೆ ಇರುವುದು ಪಿನ್ನಿನ ನೇರ ಮೇಲೆ, ಟ್ರಕ್ಕಿನ ತೊಟ್ಟಿಯ ಮೇಲೆ ಚಾಚಿಕೊಂಡಿರುವ ಎತ್ತರದ ಅಟ್ಟದಲ್ಲಿ. ಹಿಂದಿನ ತಗ್ಗಿನ ಚಾಸಿ ಮತ್ತು ಮುಂದಿನ ಎತ್ತರದ ಅಟ್ಟ ಸೇರುವ ಮೆಟ್ಟಿಲಿನಂಥ ಜಾಗದಲ್ಲಿ ಪಿನ್ನಿನ ಭಾರವೆಲ್ಲ ಬಾಗಿಸುವ ಬಲವಾಗಿ ಬಂದು ಬೀಳುತ್ತದೆ. ರಸ್ತೆಯ ಒಂದೊಂದು ಹೊಂಡಕ್ಕೂ ಒಂದೊಂದು ಬಾಗು. ಅಲ್ಲಿನ ವೆಲ್ಡಿಂಗ್ ಸಣ್ಣಗಿದ್ದರೆ, ತಗಡು ತೆಳುವಿದ್ದರೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ ಹಾಗೆ. ಈ ಜಾತಿಯ ಟ್ರೇಲರುಗಳಲ್ಲಿ ಇದು ಅಪರೂಪದ ಕಾಯಿಲೆ ಏನಲ್ಲ, ಫ್ರೇಮ್ ಫ್ಲೆಕ್ಸ್ ಅಂತ ಹೆಸರೇ ಇದೆ. ಹೊರಗಿನ ಲಕ್ಷಣಗಳು ಇಂಥವು: ಮೂತಿಯ ಫೈಬರ್ ಮತ್ತು ಬದಿ ಗೋಡೆ ಸೇರುವಲ್ಲಿ ಅಂಟು ಹರಿಯುವುದು, ಕಿಟಕಿಯ ಮೂಲೆಯಿಂದ ಓರೆಯಾಗಿ ಸುಕ್ಕು ಏಳುವುದು, ಬಾಗಿಲು ಕಚ್ಚುವುದು. ಆ ಅಂಟಿನ ಗೆರೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ಟ್ರೇಲರಿನ ಮುಂಗಾಲುಗಳನ್ನು ಇಳಿಸಿ ಪಿನ್ನಿನ ಭಾರ ತೆಗೆದೆವು, ಮತ್ತೆ ಭಾರ ಕೊಟ್ಟೆವು. ಗುರುತು ನಾಲ್ಕು ಮಿಲಿಮೀಟರ್ ಸರಿಯಿತು.

ಅಜ್ಜ ಹೊಟ್ಟೆಯಡಿಯ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ಟಾರ್ಚು ನನ್ನ ಕೈಯಲ್ಲಿ. ಬಲಗಡೆಯ ರೆಕ್ಕೆ ಚಾಸಿಗೆ ಸೇರುವಲ್ಲಿ ವೆಲ್ಡಿಂಗಿನ ಪಕ್ಕದಲ್ಲೇ ಒಂದು ಕಪ್ಪು ಗೆರೆ, ಅದರ ಕೆಳಗೆ ಕಾವಿಯ ನೀರು ಇಳಿದು ಒಣಗಿದ ಕಲೆ. ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ಪೋಸ್ಟ್‌ಕಾರ್ಡಿನ ಅಂಚು ಒಳಗೆ ಹೋಗುತ್ತಿತ್ತು. ಬಿರುಕಿನ ಒಳಮೈ ಅರ್ಧ ಹಳೆಯ ತುಕ್ಕು, ಅರ್ಧ ಹೊಸ ಹೊಳಪು.

"ನಿಧಾನವಾಗಿ ಹೋಗ್ತೀನಿ" ಅಂದರು ಅಜ್ಜ ಸ್ವಲ್ಪ ಹೊತ್ತಿನ ಮೇಲೆ. "ಐವತ್ತು ದಾಟಲ್ಲ. ಅಲ್ಲಿ ಹೋದ ಮೇಲೆ ಮಾಡಿಸಿದರಾಯ್ತು." ಅವರ ಅವಸರ ನನಗೆ ಅರ್ಥವಾಗುತ್ತಿತ್ತು. ಹವಾಮಾನದವರು ಮುಂದಿನ ವಾರ ಹಿಮ ಅಂದಿದ್ದರು, ಅವರ ಮಾಮೂಲಿ ದಾರಿ ವುಲ್ಫ್ ಕ್ರೀಕ್ ಪಾಸ್ 10,800 ಅಡಿಗೂ ಎತ್ತರ. ರಾತ್ರಿ ಹೊತ್ತು ಅಜ್ಜಿಯ ಆಕ್ಸಿಜನ್ ಯಂತ್ರದ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು, ಆ ವಾರ ಅದು ಹಗಲೂ ಕೇಳಲು ಶುರುವಾಗಿತ್ತು. ನಾನು ಹೇಳಿದೆ, ಬಿರುಕು ಸ್ಪೀಡೋಮೀಟರ್ ಒಂದನ್ನೇ ನೋಡುವುದಿಲ್ಲ ಅಜ್ಜಾ, ದಾರಿಯಲ್ಲಿ ಎಷ್ಟು ಹೊಂಡ ಇವೆ ಅಂತಲೂ ಲೆಕ್ಕ ಇಡುತ್ತೆ, ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಟ್ರೇಲರ್ ಪೂರ್ತಿ ಬಂದು ಅಲ್ಲಿಯೇ ಒರಗುತ್ತೆ ಅಂತ. ಅವರು ನನ್ನ ಮಾತು ಕೇಳಿದ ಹಾಗೆ ಕಾಣಲಿಲ್ಲ. ಬಾಡಿಗೆದಾರನ ಮಾತಿಗೆ ಎಷ್ಟು ತೂಕ!

ಅಜ್ಜಿ ಬಾಗಿಲ ಬಳಿ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ನಿಂತಿದ್ದರು. "ಅದು ಬಿಟ್ಟುಕೊಂಡರೆ ನಾವಿಬ್ಬರೂ ಮುಂದೆ ಟ್ರಕ್ಕಿನಲ್ಲಿ ಇರ್ತೀವಿ. ನಮಗೇನೂ ಆಗದೆ ಇರಬಹುದು. ಹಿಂದೆ ಬರುವ ಕಾರಿನಲ್ಲಿ ಯಾರಿರ್ತಾರೆ?" ಅಂತ ಕೇಳಿದರು. ಜೋರಾಗಿಯೇನೂ ಅಲ್ಲ, ಸಕ್ಕರೆ ಡಬ್ಬ ಎಲ್ಲಿದೆ ಅಂತ ಕೇಳುವ ಹಾಗೆ. ಅಜ್ಜ ಸ್ಕ್ರೂಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.

ಸೋಮವಾರ ಅಜ್ಜಿಯನ್ನು ಫೀನಿಕ್ಸಿನ ತಂಗಿಯ ಮನೆಗೆ ವಿಮಾನದಲ್ಲಿ ಕಳಿಸಿದೆವು, ಹೆಗಲಿಗೆ ನೇತುಹಾಕುವ ಆಕ್ಸಿಜನ್ ಯಂತ್ರದ ಜೊತೆ. ಟ್ರೇಲರ್ ಕಂಪನಿಗೆ ಫೋನು ಮಾಡಿದರೆ ವಾರಂಟಿ ಮುಗಿದಿದೆ ಅಂದರು. ನಾಲ್ಕು ಸಲ ಮಾಡಿದರೂ ಅದೇ ಉತ್ತರ, ಆದರೆ ನಾಲ್ಕು ಬೇರೆ ಬೇರೆ ದನಿಯಲ್ಲಿ. ಕೊನೆಗೆ ಕಟ್ಟಡದ ಉಕ್ಕಿನ ಕೆಲಸದ ಪರವಾನಗಿ ಇದ್ದ ಒಬ್ಬ ವೆಲ್ಡರ್ ಸಿಕ್ಕರು. ಅವರು ಮೊದಲು ಮಾಡಿದ ಕೆಲಸ ಎಡಗಡೆಯನ್ನೂ ಬಿಚ್ಚಿಸಿದ್ದು. ಬಣ್ಣ ಕೆರೆದು ಕೆಂಪು ದ್ರವ ಬಳಿದು ಒರೆಸಿ ಬಿಳಿ ಪುಡಿ ಸಿಂಪಡಿಸಿದರು. ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ ಕೆಂಪು ಎಳೆಯೊಂದು ನಿಧಾನವಾಗಿ ಮೂಡಿತು. ಡೈ ಪೆನೆಟ್ರಂಟ್ ಪರೀಕ್ಷೆ ಅಂತ ಐದನೇ ಸೆಮಿಸ್ಟರಿನಲ್ಲಿ ಐದು ಅಂಕಕ್ಕೆ ಬರೆದಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಬಿರುಕಿನ ಎರಡೂ ತುದಿಗೆ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿದರು. ಆಮೇಲೆ ಬಿರುಕನ್ನು ಪೂರ್ತಿ ಕೆತ್ತಿ ತೆಗೆದು ವೆಲ್ಡ್ ತುಂಬಿದರು, ಎರಡೂ ಬದಿಗೆ ತ್ರಿಕೋನದ ದಪ್ಪ ತಗಡುಗಳನ್ನು ಕೂರಿಸಿದರು. ಈ ಕೆಲಸವನ್ನು ಮನೆಯಲ್ಲೇ ಸಣ್ಣ ಮಿಷನ್ ಇದೆ ಅಂತ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ತೆಳು ಚಾಸಿಯ ಮೇಲೆ ತಪ್ಪು ಜಾಗಕ್ಕೆ ದಪ್ಪ ತಗಡು ಹಾಕಿದರೆ ಬಿರುಕು ಆ ತಗಡಿನ ಅಂಚಿನಿಂದ ಹೊಸದಾಗಿ ಹೊರಡುತ್ತದೆ. ಬಿಲ್ಲು ಹಿಚ್ಚಿನ ತಲೆಗೆ ಕೊಟ್ಟಿದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕೆಲಸ ಮುಗಿಯಲು ಮೂರು ವಾರ.

ಪಟ್ಟಿಯ ಬೋಲ್ಟು, ಸ್ಪ್ರಿಂಗಿನ ಬುಷ್ ಎಲ್ಲ ನಾವೇ ಮುಗಿಸಿದೆವು. ದವಡೆಯ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ವಾಪಸು ಸಡಿಲಿಸಿದೆವು, ಹಿಡಿ ಈಗ ಪೂರ್ತಿ ಮುಚ್ಚುತ್ತದೆ. ಮತ್ತೆ ಟೇಪು, ಮತ್ತೆ ವೀಡಿಯೋ. ಪಿನ್ ಬಾಕ್ಸು ತಲೆಯಾಡಿಸುವುದನ್ನು ನಿಲ್ಲಿಸಿತ್ತು. ಹೊರಡುವ ಮುಂಚೆ ಟಾರ್ಚು ಹಾಕಿ ದವಡೆ ಪಿನ್ನಿನ ಕುತ್ತಿಗೆಯನ್ನೇ ಹಿಡಿದಿದೆಯೋ ಅಥವಾ ಪಿನ್ನು ದವಡೆಯ ಮೇಲೆ ಸುಮ್ಮನೆ ಕೂತಿದೆಯೋ ಅಂತ ನೋಡಿ, ಟ್ರೇಲರ್ ಬ್ರೇಕ್ ಹಿಡಿದು ಒಮ್ಮೆ ಎಳೆದು ನೋಡುವುದು ಅಜ್ಜನ ಹಳೆಯ ಅಭ್ಯಾಸ. ಅದನ್ನು ಮಾಡಿದರು. ಆಮೇಲೆ ಟೇಪಿನ ಒಂದು ಸುರುಳಿ ಮತ್ತು ಪೆನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡರು.

ನವೆಂಬರ್ ಮಧ್ಯದಲ್ಲಿ ಹೊರಟರು, ವುಲ್ಫ್ ಕ್ರೀಕ್ ಬಿಟ್ಟು ರಾಟೋನ್ ಪಾಸ್ ಮೇಲೆ. ಮೊದಲ ಐವತ್ತು ಮೈಲಿಗೆ ಒಮ್ಮೆ ನಿಲ್ಲಿಸಿ ಬೋಲ್ಟು ನೋಡಿ ಅಂದಿದ್ದೆ. ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಫೋನಿಗೆ ಒಂದು ಫೋಟೋ ಬಂತು: ಪಿನ್ ಬಾಕ್ಸಿನ ಪಕ್ಕದ ಟೇಪು, ಗೆರೆ ನೆಟ್ಟಗೆ. ಸಂಜೆ ನ್ಯೂ ಮೆಕ್ಸಿಕೋದ ಯಾವುದೋ ಪೆಟ್ರೋಲ್ ಬಂಕಿನಿಂದ ಇನ್ನೊಂದು. ಮಾರನೇ ದಿನ ಮೂರು. ಅದನ್ನೆಲ್ಲ ಹಾಸನಕ್ಕೆ ಕಳಿಸಿದೆ. ಮಾವ ರಾತ್ರಿ ಉತ್ತರ ಬರೆದರು, "ಎಡಗಡೆ ಫೋಟೋನೂ ಕಳ್ಸೋಕೆ ಹೇಳು."